ಒಂದೇ ಸ್ವರಕ್ಕೆ ಗುಮ್ಮೆನ್ನುತ್ತಿದ್ದ ಕೋಣೆ: ಮಂದ್ರ ಅನುನಾದವನ್ನು ಈಕ್ವಲೈಜರ್ ಫಿಲ್ಟರ್‌ನಿಂದ ಹತೋಟಿಗೆ ತಂದ ಒಂದು ಪ್ರಕರಣ

ಪರಿಚಿತರೊಬ್ಬರು ತಮ್ಮ ಮನೆಯ ಒಂದು ಕೋಣೆಯನ್ನು ಸಂಗೀತ ಕೇಳುವುದಕ್ಕೆಂದೇ ಮೀಸಲಿಟ್ಟಿದ್ದರು. ನೆಲದ ಮೇಲೆ ನಿಲ್ಲುವ ಎರಡು ಸ್ಪೀಕರ್‌ಗಳು, ಒಂದು ಆಂಪ್ಲಿಫೈಯರ್, ಹಿಂಬದಿಯ ಗೋಡೆಗೆ ಒತ್ತಿಕೊಂಡಂತೆ ಒಂದು ಸೋಫಾ, ಇಷ್ಟೇ ಅಲ್ಲಿದ್ದ ಸರಂಜಾಮು. ಅವರ ದೂರು ಚಿಕ್ಕದಾಗಿದ್ದರೂ ಖಚಿತವಾಗಿತ್ತು: ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಬೆರಳೊತ್ತದೆ ಮೀಟಿದಾಗಲೆಲ್ಲ ಕೋಣೆ ಗುಮ್ಮೆಂದು ತುಂಬಿಕೊಳ್ಳುತ್ತದೆ, ಸ್ವರ ನಿಂತ ಮೇಲೂ ಅದರ ಗುಂಗು ಉಳಿಯುತ್ತದೆ, ಆದರೆ ಅದರ ಆಚೀಚಿನ ಸ್ವರಗಳು ಸರಿಯಾಗಿಯೇ ಕೇಳಿಸುತ್ತವೆ. ದೂರು ಹೀಗೆ ಒಂದೇ ಸ್ವರಕ್ಕೆ ಅಂಟಿಕೊಂಡಿದ್ದರೆ ಕಾರಣ ಹುಡುಕುವವನ ಕೆಲಸ ಅರ್ಧ ಮುಗಿದಂತೆ. ಸ್ಪೀಕರ್‌ನಲ್ಲಿಯೇ ಬೇಸ್ ಹೆಚ್ಚಾಗಿದ್ದರೆ ಮಂದ್ರದ ಎಲ್ಲ ಸ್ವರಗಳೂ ಒಟ್ಟಿಗೆ ಉಬ್ಬಬೇಕಿತ್ತು. ಒಂದೇ ಸ್ವರ ಉಬ್ಬಿ, ಅದೊಂದೇ ತಡವಾಗಿ ಅಡಗುತ್ತಿದ್ದರೆ ಮೊದಲು ಕೋಣೆಯನ್ನೇ ಸಂಶಯಿಸಬೇಕು.

ನನಗೆ ಹೇಳುವ ಮೊದಲು ಅವರು ತಮಗೆ ತೋಚಿದ್ದನ್ನು ಮಾಡಿ ನೋಡಿದ್ದರು. ಆಂಪ್ಲಿಫೈಯರ್‌ನ ಬೇಸ್ ಗುಂಡಿಯನ್ನು ತಿರುಗಿಸಿ ತಗ್ಗಿಸಿದಾಗ ಸಂಗೀತದ ಕೆಳಭಾಗವೆಲ್ಲ ತೆಳುವಾಯಿತು, ಗುಂಗು ಮಾತ್ರ ಅದೇ ಅನುಪಾತದಲ್ಲಿ ಉಳಿಯಿತು. ಆ ಬಳಿಕ ಗೋಡೆಗಳಿಗೆ 5 ಸೆಂಟಿಮೀಟರ್ ದಪ್ಪದ ಫೋಮ್ ಹಲಗೆಗಳನ್ನು ಅಂಟಿಸಿದ್ದರು. ಅದರಿಂದ ಮಾತು ಮತ್ತು ತಾಳವಾದ್ಯಗಳ ಮೇಲ್‌ಸ್ವರಗಳು ಮಂಕಾದವೇ ಹೊರತು ದೂರಿನ ಸ್ವರಕ್ಕೆ ಏನೂ ಆಗಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ. ರಂಧ್ರಗಳುಳ್ಳ ವಸ್ತು ಶಬ್ದವನ್ನು ಹೀರುವುದು ಗಾಳಿಯ ಕಣಗಳು ವೇಗವಾಗಿ ಓಡಾಡುವ ಜಾಗದಲ್ಲಿ; ಗಟ್ಟಿ ಗೋಡೆಯ ಮೈಗೆ ಹತ್ತಿಕೊಂಡಂತೆ ಆ ಓಡಾಟ ಶೂನ್ಯವಾಗಿರುತ್ತದೆ, ಅದು ಅತಿ ಹೆಚ್ಚಾಗಿರುವುದು ಗೋಡೆಯಿಂದ ತರಂಗದೂರದ ಕಾಲು ಭಾಗದಷ್ಟು ಈಚೆಗೆ. ಬೇಸ್ ಗಿಟಾರಿನ ಆ ತಂತಿಯ ಆವರ್ತನ 41.2 ಹರ್ಟ್ಸ್. ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ ಅದರ ತರಂಗದೂರ 8 ಮೀಟರಿಗೂ ಮಿಗಿಲು, ಅದರ ಕಾಲು ಭಾಗ 2 ಮೀಟರಿಗೂ ಮಿಗಿಲು. ಆ ಲೆಕ್ಕದಲ್ಲಿ 5 ಸೆಂಟಿಮೀಟರ್ ಫೋಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅರ್ಧದಷ್ಟು ಹಲಗೆಗಳನ್ನು ಕಿತ್ತು ತೆಗೆಸಿದ್ದು ಈ ಕೋಣೆಯಲ್ಲಿ ನಾನು ಮಾಡಿದ ಮೊದಲ ಕೆಲಸ.

ಕೋಣೆಯ ಲೆಕ್ಕ

ಕೋಣೆಯ ಉದ್ದ 4.2 ಮೀಟರ್, ಅಗಲ 3.4 ಮೀಟರ್, ಎತ್ತರ 2.7 ಮೀಟರ್. ಗೋಡೆಗಳು ಗಟ್ಟಿಯಾದವು, ಆಕಾರ ಸರಿಯಾದ ಆಯತ. ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿ ಬರುವಾಗ ಆ ಅಂತರ ಅರ್ಧ ತರಂಗದೂರಕ್ಕೆ ಅಥವಾ ಅದರ ಗುಣಕಗಳಿಗೆ ಸರಿಹೊಂದಿದರೆ ಸ್ಥಾಯಿ ತರಂಗ ಏರ್ಪಡುತ್ತದೆ. ಇದನ್ನೇ ಈ ಕಸುಬಿನವರು ಕೋಣೆಯ ಮೋಡ್ ಎನ್ನುತ್ತಾರೆ. ಶಬ್ದದ ವೇಗವನ್ನು ಅಂತರದ ಎರಡು ಪಟ್ಟಿನಿಂದ ಭಾಗಿಸಿದರೆ ಮೊದಲ ಮೋಡ್‌ನ ಆವರ್ತನ ಸಿಗುತ್ತದೆ. ಅದರಂತೆ ಉದ್ದದ ಮೊದಲ ಮೋಡ್ 40.8 ಹರ್ಟ್ಸ್, ಎರಡನೆಯದು 81.7, ಅಗಲದ ಮೊದಲನೆಯದು 50.4; ಎತ್ತರದ್ದು 63.5. ಎರಡು ಜೋಡಿ ಗೋಡೆಗಳನ್ನು ಒಟ್ಟಿಗೆ ಬಳಸುವ ಮೋಡ್‌ಗಳೂ ಇವೆ, ಅವು ಸಾಮಾನ್ಯವಾಗಿ ದುರ್ಬಲವಾಗಿರುತ್ತವೆ.

ಕಾಗದದ ಮೇಲೆ ಇಷ್ಟು ಬರೆಯುತ್ತಿದ್ದಂತೆ ದೂರಿನ ಅರ್ಥ ಹೊಳೆಯಿತು. ತಂತಿಯ ಮೂಲಸ್ವರ 41.2 ಹರ್ಟ್ಸ್, ಉದ್ದದ ಮೊದಲ ಮೋಡ್ 40.8; ಅದೇ ತಂತಿಯ ಮೊದಲ ಮೇಲ್‌ಸ್ವರ 82.4, ಉದ್ದದ ಎರಡನೆಯ ಮೋಡ್ 81.7. ಅಂದರೆ ತಂತಿಯೂ ಕೋಣೆಯೂ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿದ್ದವು. ಇದರ ಮೇಲೆ, ಸ್ಥಾಯಿ ತರಂಗದ ಒತ್ತಡ ಗೋಡೆಯ ಬಳಿ ಗರಿಷ್ಠವಾಗಿರುತ್ತದೆ, ಸೋಫಾ ಇದ್ದದ್ದು ಗೋಡೆಗೆ ತಾಗಿಕೊಂಡೇ. ಕೇಳುವವರ ಕಿವಿ ಹಿಂಗೋಡೆಯಿಂದ 30 ಸೆಂಟಿಮೀಟರ್ ದೂರದಲ್ಲಿತ್ತು.

ಇಂಥ ಬಿಡಿ ಬಿಡಿ ಮೋಡ್‌ಗಳ ಕಾಟ ಎಲ್ಲಿಯವರೆಗೆ ಎಂಬುದಕ್ಕೆ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಅವರ ಹೆಸರಿನ ಅಂದಾಜು ಸೂತ್ರವೊಂದಿದೆ: ಶಬ್ದ ಅಡಗುವ ಕಾಲವನ್ನು ಕೋಣೆಯ ಘನ ಅಳತೆಯಿಂದ ಭಾಗಿಸಿ, ಅದರ ವರ್ಗಮೂಲವನ್ನು 2000ದಿಂದ ಗುಣಿಸಬೇಕು. ಇಲ್ಲಿ 38.6 ಘನ ಮೀಟರ್ ಮತ್ತು 0.4 ಸೆಕೆಂಡ್ ಎಂದು ಹಿಡಿದರೆ ಉತ್ತರ ಸುಮಾರು 200 ಹರ್ಟ್ಸ್. ಅದರಿಂದ ಮೇಲೆ ಮೋಡ್‌ಗಳು ಒಂದರ ಮೇಲೊಂದು ಒತ್ತೊತ್ತಾಗಿ ಬೀಳುವುದರಿಂದ ಯಾವುದೂ ಬೇರೆಯಾಗಿ ಕೇಳಿಸುವುದಿಲ್ಲ, ಆಯ್ದ ಆವರ್ತನಗಳ ಮಟ್ಟವನ್ನು ಏರಿಸುವ ಇಳಿಸುವ ಈಕ್ವಲೈಜರ್‌ನ ಕಿರಿದಾದ ಫಿಲ್ಟರ್‌ಗಳಿಗೆ ಅಲ್ಲಿ ಕೆಲಸವೂ ಇಲ್ಲ. ಈ ಪ್ರಕರಣದಲ್ಲಿ ನಾನು 120 ಹರ್ಟ್ಸ್‌ಗಿಂತ ಮೇಲೆ ಯಾವ ಫಿಲ್ಟರನ್ನೂ ಇಡಲಿಲ್ಲ.

ಅಳತೆ

ಲೆಕ್ಕ ಎಷ್ಟೇ ಚೆನ್ನಾಗಿ ಹೊಂದಿಕೊಂಡರೂ ಅಳೆಯದೆ ಫಿಲ್ಟರ್ ಇಡಬಾರದು. ನಿಜವಾದ ಗೋಡೆಗಳು ಪೂರ್ತಿ ಬಿಗಿಯಲ್ಲ, ಬಾಗಿಲು ಕಿಟಕಿಗಳು ಅಲುಗುತ್ತವೆ, ಆದ್ದರಿಂದ ಮೋಡ್‌ಗಳು ಲೆಕ್ಕದ ಜಾಗದಿಂದ ಸ್ವಲ್ಪ ಸರಿದಿರುತ್ತವೆ. ಅಳತೆಗೆ ಬಳಸಿದ್ದು ಕ್ಯಾಲಿಬ್ರೇಟ್ ಮಾಡಿದ ಒಂದು ಯುಎಸ್‌ಬಿ ಮೈಕ್ರೊಫೋನ್ ಮತ್ತು ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶ. ಕೆಳಗಿನ ಆವರ್ತನದಿಂದ ಮೇಲಕ್ಕೆ ಜಾರುತ್ತ ಹೋಗುವ ಒಂದು ಸ್ವರವನ್ನು ಸ್ಪೀಕರ್‌ಗೆ ಕಳುಹಿಸಿ, ಮೈಕ್ರೊಫೋನ್ ಹಿಡಿದದ್ದರಿಂದ ಕೋಣೆಯ ಸ್ಪಂದನವನ್ನು ಲೆಕ್ಕಹಾಕುವ ವಿಧಾನವಿದು. ಧ್ವನಿವಿಜ್ಞಾನಿ ಏಂಜೆಲೊ ಫರೀನಾ ಇದನ್ನು 2000ದಲ್ಲಿ ವಿವರವಾಗಿ ಮಂಡಿಸಿದ ಮೇಲೆ ಇದು ಎಲ್ಲೆಡೆ ಬಳಕೆಗೆ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಕ್ಷೆ ನೋಡಲು ಚೆಂದವಾಗಿರಲೆಂದು, ಆವರ್ತನ ಇಮ್ಮಡಿಯಾಗುವ ಅಂತರವಾದ ಆಕ್ಟೇವ್‌ನ ಮೂರನೇ ಒಂದು ಭಾಗದಷ್ಟು ಅಗಲಕ್ಕೆ ಸರಾಸರಿ ತೆಗೆಯುವ ಅಭ್ಯಾಸ ಅನೇಕರಿಗಿದೆ. 41 ಹರ್ಟ್ಸ್‌ನ ಸುತ್ತ ಆ ಅಗಲ 9 ಹರ್ಟ್ಸ್‌ಗೂ ಹೆಚ್ಚು. ನಾವು ಹುಡುಕುತ್ತಿರುವ ಉಬ್ಬಿನ ಅಗಲ ಎರಡೂವರೆ ಹರ್ಟ್ಸ್‌ನಷ್ಟಿದ್ದರೆ ಅದು ಸರಾಸರಿಯಲ್ಲಿ ಕರಗಿ ಒಂದು ಸೌಮ್ಯ ಗುಡ್ಡವಾಗಿ ಕಾಣುತ್ತದೆ, ಅದನ್ನು ನೋಡಿ ಇಟ್ಟ ಫಿಲ್ಟರ್ ಅಗತ್ಯಕ್ಕಿಂತ ಮೂರು ನಾಲ್ಕು ಪಟ್ಟು ಅಗಲವಾಗುತ್ತದೆ. ಆದ್ದರಿಂದ 200 ಹರ್ಟ್ಸ್‌ಗಿಂತ ಕೆಳಗೆ ಸರಾಸರಿಯಿಲ್ಲದ ನಕ್ಷೆಯನ್ನೇ ನೋಡಬೇಕು. ಅದರ ಜೊತೆಗೆ ಸಮಯ ಕಳೆದಂತೆ ಪ್ರತಿ ಆವರ್ತನ ಹೇಗೆ ಅಡಗುತ್ತದೆ ಎಂಬುದನ್ನು ತೋರಿಸುವ, ವಾಟರ್‌ಫಾಲ್ ಎಂದು ಕರೆಯುವ ನಕ್ಷೆಯನ್ನೂ ಇಟ್ಟುಕೊಳ್ಳಬೇಕು. ನನ್ನ ಮಟ್ಟಿಗೆ ಮಂದ್ರದ ಪ್ರಶ್ನೆಗಳಲ್ಲಿ ಎರಡನೆಯದೇ ಮುಖ್ಯ ನಕ್ಷೆ. ಕಿವಿಯನ್ನು ಕಾಡುವುದು ಸ್ವರದ ಎತ್ತರಕ್ಕಿಂತ ಹೆಚ್ಚಾಗಿ ಅದರ ಬಾಲ.

ಸೋಫಾದ ಜಾಗದಲ್ಲಿ ಮೂರು ಉಬ್ಬುಗಳು ಕಂಡವು. ಮೊದಲನೆಯದು 41.3 ಹರ್ಟ್ಸ್‌ನಲ್ಲಿ, ಸುತ್ತಲಿನ ಸರಾಸರಿ ಮಟ್ಟಕ್ಕಿಂತ 11 ಡೆಸಿಬಲ್ ಎತ್ತರ, 60 ಡೆಸಿಬಲ್ ತಗ್ಗಲು ತೆಗೆದುಕೊಂಡ ಕಾಲ 0.9 ಸೆಕೆಂಡ್. ಎರಡನೆಯದು 82 ಹರ್ಟ್ಸ್‌ನಲ್ಲಿ 8 ಡೆಸಿಬಲ್ ಎತ್ತರ, ಅರ್ಧ ಸೆಕೆಂಡ್. ಮೂರನೆಯದು 64ರ ಸುತ್ತ 4 ಡೆಸಿಬಲ್‌ನಷ್ಟು, ಬಾಲ ಹೆಚ್ಚಿಲ್ಲ.

ಮೊದಲು ಸೋಫಾ

ಈಕ್ವಲೈಜರ್‌ನ ಕೆಲಸಕ್ಕೆ ಕರೆದವರಿಗೆ ಮೊದಲು ಪೀಠೋಪಕರಣ ಸರಿಸಿ ಎಂದು ಹೇಳಿದರೆ ಅಷ್ಟು ರುಚಿಸುವುದಿಲ್ಲ. ಆದರೂ ಹೇಳಬೇಕು. ಗೋಡೆಯಿಂದ ದೂರ ಸರಿದಂತೆ ಒತ್ತಡ ಕೊಸೈನ್ ರೇಖೆಯಂತೆ ಇಳಿಯುತ್ತದೆ: ಉದ್ದದ ಮೊದಲ ಮೋಡ್ ಕೋಣೆಯ ನಡುವಿನಲ್ಲಿ ಶೂನ್ಯವಾಗುತ್ತದೆ, ಎರಡನೆಯದು ಉದ್ದದ ಕಾಲು ಭಾಗದಲ್ಲಿ, ಅಂದರೆ ಈ ಕೋಣೆಯಲ್ಲಿ ಹಿಂಗೋಡೆಯಿಂದ 1.05 ಮೀಟರ್ ಮುಂದೆ. ಕಿವಿಯನ್ನು 0.3 ಮೀಟರ್‌ನಿಂದ 0.9 ಮೀಟರ್‌ಗೆ ತಂದರೆ, ಲೆಕ್ಕದ ಪ್ರಕಾರ ಎರಡನೆಯ ಮೋಡ್ 12 ಡೆಸಿಬಲ್ ತಗ್ಗಬೇಕು, ಮೊದಲನೆಯದು 2 ಡೆಸಿಬಲ್. ಸೋಫಾವನ್ನು 60 ಸೆಂಟಿಮೀಟರ್ ಮುಂದಕ್ಕೆ ಎಳೆದು ಮತ್ತೆ ಅಳೆದಾಗ 82 ಹರ್ಟ್ಸ್‌ನ ಉಬ್ಬು 8ರಿಂದ 1 ಡೆಸಿಬಲ್‌ಗೆ ಇಳಿದಿತ್ತು, 41.3ರದ್ದು 11ರಿಂದ 9ಕ್ಕೆ. ಲೆಕ್ಕದ 12 ಡೆಸಿಬಲ್ ಪೂರ್ತಿ ಸಿಗದಿರುವುದು ಸಹಜವೇ, ಏಕೆಂದರೆ ಒಂದು ಆವರ್ತನದಲ್ಲಿ ಒಂದೇ ಮೋಡ್ ಇರುವುದಿಲ್ಲ, ನೆರೆಯ ಮೋಡ್‌ಗಳ ಅಂಚುಗಳೂ ಅಲ್ಲಿ ಸೇರಿಕೊಂಡಿರುತ್ತವೆ.

ಸರಿಸಿದ್ದಕ್ಕೆ ಬೆಲೆಯೂ ತೆರಬೇಕಾಯಿತು. ಕಿವಿಯಿಂದ ಹಿಂಗೋಡೆಗೆ 0.9 ಮೀಟರ್ ಇದ್ದಾಗ, ಗೋಡೆಗೆ ಬಡಿದು ಮರಳಿದ ಶಬ್ದ 1.8 ಮೀಟರ್ ಹೆಚ್ಚಿಗೆ ಸಾಗಿ ಬರುತ್ತದೆ; ಆ ದೂರ ಅರ್ಧ ತರಂಗದೂರವಾಗುವ ಆವರ್ತನದಲ್ಲಿ ನೇರ ಶಬ್ದವೂ ಮರಳಿದ ಶಬ್ದವೂ ಒಂದನ್ನೊಂದು ಅಳಿಸುತ್ತವೆ. ಆ ಆವರ್ತನ 95 ಹರ್ಟ್ಸ್. ನಕ್ಷೆಯಲ್ಲಿ ಮೊದಲು ಇಲ್ಲದಿದ್ದ 9 ಡೆಸಿಬಲ್ ಆಳದ ಒಂದು ತಗ್ಗು ಅಲ್ಲಿ ಮೂಡಿತ್ತು. ಅದರ ಕಥೆ ಮುಂದೆ ಬರುತ್ತದೆ.

41 ಹರ್ಟ್ಸ್‌ನ ಫಿಲ್ಟರ್

ಉಳಿದದ್ದು 41.3 ಹರ್ಟ್ಸ್‌ನ ಉಬ್ಬು. ಸೋಫಾವನ್ನು ಕೋಣೆಯ ನಡುವಿಗೇ ತಂದಿದ್ದರೆ ಅದೂ ಮಾಯವಾಗುತ್ತಿತ್ತು, ಆದರೆ ಅದರೊಂದಿಗೆ ಆ ಸ್ವರವೂ ಮಾಯವಾಗುತ್ತಿತ್ತು, ಓಡಾಡಲು ಜಾಗವೂ ಉಳಿಯುತ್ತಿರಲಿಲ್ಲ. ಇಲ್ಲಿಯೇ ಫಿಲ್ಟರ್ ನ್ಯಾಯವಾಗಿ ತನ್ನ ಕೆಲಸ ಮಾಡುವುದು.

ಈಕ್ವಲೈಜರ್ ಮಟ್ಟವನ್ನಷ್ಟೇ ತಗ್ಗಿಸುತ್ತದೆ, ಗುಂಗಿನ ಕಾಲವನ್ನು ಬದಲಿಸಲಾರದು ಎಂಬ ಮಾತನ್ನು ಬಲ್ಲವರೂ ಆಗಾಗ ಹೇಳುತ್ತಾರೆ. ಮೇಲಿನ ಆವರ್ತನಗಳ ಮಟ್ಟಿಗೆ ಅದು ಸರಿ. ಬಿಡಿಯಾಗಿ ನಿಂತ ಒಂದು ಮಂದ್ರ ಮೋಡ್‌ನ ಮಟ್ಟಿಗೆ ಅದು ತಪ್ಪು. ಅಂಥ ಮೋಡ್ ಗಣಿತದ ದೃಷ್ಟಿಯಿಂದ ಒಂದು ಸರಳ ಅನುನಾದಕ. ಅದರ ಆವರ್ತನ ಒಂದು, ಅದು ಅಡಗುವ ವೇಗ ಒಂದು, ಈ ಎರಡರಿಂದ ಅದರ ವರ್ತನೆ ನಿರ್ಧಾರವಾಗುತ್ತದೆ. ಆವರ್ತನ, ಅಗಲ, ಏರಿಳಿತದ ಪ್ರಮಾಣ ಮೂರನ್ನೂ ಹೊಂದಿಸಬಹುದಾದ ಪ್ಯಾರಾಮೆಟ್ರಿಕ್ ಫಿಲ್ಟರ್ ಕೂಡ ಅದೇ ಜಾತಿಯದು. ಎರಡೂ ಮಿನಿಮಮ್ ಫೇಸ್, ಅಂದರೆ ಮಟ್ಟ ತಿದ್ದಿದರೆ ಸಮಯದ ವರ್ತನೆಯೂ ಜೊತೆಗೇ ತಿದ್ದುವ, ಸ್ವಭಾವದವಾದ್ದರಿಂದ, ಫಿಲ್ಟರ್‌ನ ತಗ್ಗು ಮೋಡ್‌ನ ಉಬ್ಬಿಗೆ ಆವರ್ತನದಲ್ಲೂ ಅಗಲದಲ್ಲೂ ಸರಿಯಾಗಿ ಕನ್ನಡಿ ಹಿಡಿದಂತಿದ್ದರೆ ಮಟ್ಟದೊಂದಿಗೆ ಕಾಲವೂ ತಿದ್ದುತ್ತದೆ. ತೂಗುತ್ತಿರುವ ಉಯ್ಯಾಲೆಯನ್ನು ಅದರ ಲಯಕ್ಕೆ ಎದುರಾಗಿ ಹದವಾಗಿ ಕೈಕೊಟ್ಟು ನಿಲ್ಲಿಸಿದ ಹಾಗೆ, ಮೂಲಸ್ವರ ನಿಂತ ಮೇಲೂ ಫಿಲ್ಟರ್ ತನ್ನದೊಂದು ಚಿಕ್ಕ ಎದುರು ಕಂಪನವನ್ನು ಸ್ಪೀಕರ್‌ಗೆ ಕಳುಹಿಸುತ್ತದೆ, ಅದು ಕೋಣೆಯ ಗುಂಗನ್ನು ತಡೆದು ಇಳಿಸುತ್ತದೆ. ಲಯ ತಪ್ಪಿದರೆ ಉಯ್ಯಾಲೆ ನಿಲ್ಲುವುದಿಲ್ಲ. ಇಲ್ಲಿಯೂ ಅಷ್ಟೇ.

ಮೋಡ್‌ನ ಅಗಲವನ್ನು ಅಡಗುವ ಕಾಲದಿಂದ ಪಡೆಯಬಹುದು: 2.2ನ್ನು ಆ ಕಾಲದಿಂದ ಭಾಗಿಸಿದರೆ ಅಗಲ ಹರ್ಟ್ಸ್‌ನಲ್ಲಿ ಬರುತ್ತದೆ. 0.9 ಸೆಕೆಂಡ್‌ಗೆ ಅದು 2.4 ಹರ್ಟ್ಸ್. ಆವರ್ತನವನ್ನು ಅಗಲದಿಂದ ಭಾಗಿಸಿದ ಸಂಖ್ಯೆಯೇ ಕ್ಯೂ. ಇಲ್ಲಿ ಅದು 16.9. ನಾನು ಈ ಸಂಖ್ಯೆಯನ್ನೇ ನೇರವಾಗಿ, ಫಿಲ್ಟರ್‌ಗಳನ್ನು ನಡೆಸುವ ಡಿಜಿಟಲ್ ಪ್ರೊಸೆಸರ್‌ಗೆ ಕೊಟ್ಟೆ: 41.3 ಹರ್ಟ್ಸ್, 9 ಡೆಸಿಬಲ್ ಕಡಿತ, ಕ್ಯೂ 16.9. ಮತ್ತೆ ಅಳೆದಾಗ ಉಬ್ಬಿನ ನೆತ್ತಿಯಲ್ಲಿ ಚೂಪಾದ ಒಂದು ಸೀಳು ಬಿದ್ದಿತ್ತು, ಅದರ ಎರಡು ಬದಿಗಳಲ್ಲಿ ಎರಡು ಭುಜಗಳು ಉಳಿದಿದ್ದವು, ವಾಟರ್‌ಫಾಲ್‌ನಲ್ಲಿ ಒಂದು ಉದ್ದ ಬಾಲದ ಬದಲಿಗೆ ಅಕ್ಕಪಕ್ಕದಲ್ಲಿ ಎರಡು ಬಾಲಗಳಿದ್ದವು. ಕೇಳಿದರೆ ಗುಂಗು ಕಡಿಮೆಯಾಗಿತ್ತು, ಆದರೆ ಹೋಗಿರಲಿಲ್ಲ, ಅದಕ್ಕೊಂದು ವಿಚಿತ್ರ ನಡುಕವೂ ಸೇರಿಕೊಂಡಿತ್ತು.

ತಪ್ಪು ನನ್ನದೇ. ಮೋಡ್‌ನ ಕ್ಯೂ ಬೇರೆ, ಈಕ್ವಲೈಜರ್‌ನ ಕ್ಯೂ ಬೇರೆ. ಡಿಜಿಟಲ್ ಈಕ್ವಲೈಜರ್‌ಗಳಲ್ಲಿ ಬಹಳಷ್ಟು ಬಳಕೆಯಲ್ಲಿರುವುದು ರಾಬರ್ಟ್ ಬ್ರಿಸ್ಟೊ-ಜಾನ್ಸನ್ ಅವರು ಒಟ್ಟುಮಾಡಿದ ಸೂತ್ರಗಳು, ಈ ಪ್ರೊಸೆಸರ್‌ನಲ್ಲಿ ಇದ್ದದ್ದೂ ಅವೇ. ಅವುಗಳಲ್ಲಿ ಫಿಲ್ಟರ್‌ನ ಅಗಲವನ್ನು ಅಳೆಯುವುದು ಡೆಸಿಬಲ್ ಲೆಕ್ಕದಲ್ಲಿ ಅರ್ಧ ಕಡಿತವಿರುವ ಎರಡು ಬಿಂದುಗಳ ನಡುವೆ. ಹಾಗಾಗಿ ಕಡಿತದ ಪ್ರಮಾಣ ಹೆಚ್ಚಿದಂತೆ, ತಗ್ಗಿನ ತಳ ಕೊಟ್ಟ ಕ್ಯೂಗಿಂತ ಕಿರಿದಾಗುತ್ತ ಹೋಗುತ್ತದೆ. 9 ಡೆಸಿಬಲ್ ಕಡಿತಕ್ಕೆ ಮೋಡ್‌ನ ಕ್ಯೂವನ್ನು ಸುಮಾರು 0.6ರಿಂದ ಗುಣಿಸಿ ಕೊಡಬೇಕು, 12 ಡೆಸಿಬಲ್‌ಗೆ 0.5ರಿಂದ. ಬೇರೆ ತಯಾರಕರು ಬೇರೆ ವ್ಯಾಖ್ಯೆಗಳನ್ನು ಬಳಸುವುದೂ ಉಂಟು, ಆದ್ದರಿಂದಲೇ ಅಳತೆಯ ತಂತ್ರಾಂಶದಲ್ಲಿ ಯಾವ ಬಗೆಯ ಈಕ್ವಲೈಜರ್ ಎಂದು ಮೊದಲೇ ಆರಿಸಿಕೊಳ್ಳಬೇಕಾಗುತ್ತದೆ. ಆ ಆಯ್ಕೆಯನ್ನು ನಾನು ನೋಡದೆ ಬಿಟ್ಟಿದ್ದೆ.

ಈ ತಿದ್ದುಪಡಿಯೊಂದಿಗೆ ಬೇಕಾದ ಕ್ಯೂ 10. ನಾನು ಇಟ್ಟದ್ದು 9. ಒಂದಿಷ್ಟು ಅಗಲವಾಗಿಯೇ ಇಡುವುದಕ್ಕೆ ಕಾರಣ ಗಾಳಿಯ ಉಷ್ಣತೆ. ಶಬ್ದದ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಕೋಣೆ 20ರಿಂದ 30 ಡಿಗ್ರಿಗೆ ಏರಿದರೆ 41.3 ಹರ್ಟ್ಸ್‌ನ ಮೋಡ್ 42ಕ್ಕೆ ಸರಿಯುತ್ತದೆ. 2.4 ಹರ್ಟ್ಸ್ ಅಗಲದ ಗುರಿಗೆ 0.7 ಹರ್ಟ್ಸ್ ಸರಿದಾಟ ಸಣ್ಣದಲ್ಲ. ಅಳತೆಗೆ ಚುಕ್ಕಿ ತಪ್ಪದಂತೆ ಹೊಂದಿಸಿದ ಫಿಲ್ಟರ್ ಆ ದಿನದ ಹವೆಗೆ ಮಾತ್ರ ಹೊಂದಿಕೊಳ್ಳುತ್ತದೆ.

ಫಲಿತಾಂಶ ನೆಮ್ಮದಿ ತಂದಿತು. 9 ಡೆಸಿಬಲ್ ಕಡಿತ ಸರಿಯಾಗಿ ಹೊಂದಿಕೊಂಡರೆ ಅಡಗುವ ಕಾಲ 2.8 ಪಟ್ಟು ಕಡಿಮೆಯಾಗಿ 0.32 ಸೆಕೆಂಡ್ ಆಗಬೇಕು. ಅಳತೆಯಲ್ಲಿ ಅದು 0.38 ಬಂತು. ಮಟ್ಟ ಸುತ್ತಲಿನದಕ್ಕೆ ಒಂದು ಡೆಸಿಬಲ್‌ನ ಒಳಗೆ ಸೇರಿತು. ಮೈಕ್ರೊಫೋನನ್ನು ಸೋಫಾದ ಎರಡು ತುದಿಗಳಿಗೆ ಒಯ್ದು ನೋಡಿದಾಗಲೂ ಬಾಲ ಹೆಚ್ಚುಕಡಿಮೆ ಅಷ್ಟೇ ಚಿಕ್ಕದಾಗಿತ್ತು. ಮೋಡ್‌ನ ಆವರ್ತನವೂ ಅಡಗುವ ವೇಗವೂ ಇಡೀ ಕೋಣೆಯ ಗುಣಗಳು, ಜಾಗದಿಂದ ಜಾಗಕ್ಕೆ ಬದಲಾಗುವುದು ಅದರ ಎತ್ತರ ಮಾತ್ರ. ಒಬ್ಬರಿಗೆಂದು ಇಟ್ಟ ಫಿಲ್ಟರ್ ಪಕ್ಕದವರಿಗೂ ಒದಗಿದ್ದು ಅದರಿಂದಲೇ. ಕೋಣೆಯ ನಟ್ಟನಡುವೆ ನಿಂತವರಿಗೆ ಮಾತ್ರ ಮೊದಲೇ ಕ್ಷೀಣವಾಗಿದ್ದ ಆ ಸ್ವರ ಇನ್ನಷ್ಟು ಕ್ಷೀಣಿಸಿತು. ಅಲ್ಲಿ ನಿಂತು ಸಂಗೀತ ಕೇಳುವವರು ಯಾರೂ ಇರಲಿಲ್ಲ.

64 ಹರ್ಟ್ಸ್‌ನ ಉಬ್ಬಿಗೆ 3 ಡೆಸಿಬಲ್ ಕಡಿತ ಮತ್ತು 4ರ ಕ್ಯೂ ಸಾಕಾಯಿತು. ಅಲ್ಲಿ ಎತ್ತರದ ಮೋಡ್ ಇದ್ದರೂ ಕುಳಿತವರ ಕಿವಿ ಅದರ ನಡುವಿನ ಶೂನ್ಯಕ್ಕೆ ಹತ್ತಿರವಿರುವುದರಿಂದ ಅದು ಹೆಚ್ಚು ಕಾಡಿರಲಿಲ್ಲ.

ಇಡದೆ ಬಿಟ್ಟ ಎರಡು ಫಿಲ್ಟರ್‌ಗಳು

ನಕ್ಷೆಯಲ್ಲಿ 95 ಹರ್ಟ್ಸ್‌ನ ತಗ್ಗು ಕಣ್ಣಿಗೆ ಚುಚ್ಚುವಂತಿತ್ತು. ಉಬ್ಬನ್ನು ತಗ್ಗಿಸಿದ ಮೇಲೆ ತಗ್ಗನ್ನೇಕೆ ತುಂಬಬಾರದು ಎಂದು ಕೋಣೆಯ ಒಡೆಯರು ಕೇಳಿದರು. ಬಾಯಲ್ಲಿ ವಿವರಿಸುವುದಕ್ಕಿಂತ ಮಾಡಿ ತೋರಿಸುವುದೇ ಮೇಲೆಂದು 9 ಡೆಸಿಬಲ್ ಹೆಚ್ಚಳದ ಒಂದು ಫಿಲ್ಟರ್ ಇಟ್ಟೆವು. ಮೈಕ್ರೊಫೋನ್ ಇದ್ದ ಜಾಗದಲ್ಲಿ ನಕ್ಷೆಯ ತಗ್ಗು ತುಂಬಿತು, ಆದರೆ ಒಂದನ್ನೊಂದು ಅಳಿಸುವುದು ಹಾಗೆಯೇ ಉಳಿಯಿತು. ಕಾರಣ ಸರಳವಾಗಿದೆ: ನೇರ ಶಬ್ದವನ್ನು ಹೆಚ್ಚಿಸಿದಷ್ಟೇ ಅದನ್ನು ಅಳಿಸಲು ಬರುವ ಮರಳಿದ ಶಬ್ದವೂ ಹೆಚ್ಚುತ್ತದೆ, ಸಾಲ ತೀರಿಸಲು ಮತ್ತೆ ಸಾಲ ತಂದ ಹಾಗೆ. ಈ ನಡುವೆ 9 ಡೆಸಿಬಲ್ ಎಂದರೆ ಆ ಆವರ್ತನದಲ್ಲಿ ಆಂಪ್ಲಿಫೈಯರ್ ಕೊಡಬೇಕಾದ ಶಕ್ತಿ 8 ಪಟ್ಟು. ಜೋರಾಗಿ ಹಾಕಿದಾಗ ವೂಫರ್‌ಗಳು ಒದ್ದಾಡುತ್ತಿರುವುದು ಕಣ್ಣಿಗೇ ಕಂಡಿತು. ಮೈಕ್ರೊಫೋನನ್ನು 20 ಸೆಂಟಿಮೀಟರ್ ಹಿಂದಕ್ಕೆ ಸರಿಸಿದಾಗ ತಗ್ಗು ಬೇರೆ ಆವರ್ತನಕ್ಕೆ ಹೋಗಿ, 95ರಲ್ಲಿ ನಾವು ಇಟ್ಟ ಹೆಚ್ಚಳ ಬರಿಯ ಉಬ್ಬಾಗಿ ನಿಂತಿತು. ಫಿಲ್ಟರನ್ನು ಅಳಿಸಿದೆವು. ಈ ಕಿರಿದಾದ ತಗ್ಗು ಸಂಗೀತದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಕಿವಿ ಉಬ್ಬನ್ನು ಗುರುತಿಸುವಷ್ಟು ಸುಲಭವಾಗಿ ತಗ್ಗನ್ನು ಗುರುತಿಸುವುದಿಲ್ಲ. ಹಿಂಗೋಡೆಯ ಮೇಲೆ ದಪ್ಪವಾದ ಹೀರುಹಲಗೆಗಳನ್ನು, ಗೋಡೆಯಿಂದ ಒಂದಿಷ್ಟು ಅಂತರ ಬಿಟ್ಟು, ಇಟ್ಟರೆ ಈ ತಗ್ಗು ಸ್ವಲ್ಪ ಮೇಲೇರುವ ಸಂಭವವಿತ್ತು. ಅವರಿಗೆ ಅದಕ್ಕೆ ಮನಸ್ಸಿರಲಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಎಡ ಮತ್ತು ಬಲ ಸ್ಪೀಕರ್‌ಗಳನ್ನು ಒಂದೊಂದಾಗಿ ಅಳೆದು ಒಂದೊಂದಕ್ಕೂ ಬೇರೆ ಬೇರೆ ಫಿಲ್ಟರ್ ಇಡುವುದು ಶಿಸ್ತಿನ ಕ್ರಮವೆಂದು ತೋರುತ್ತದೆ. ಸೋಫಾದ ಬದಿಯ ಆಸನದಲ್ಲಿ ಹಾಗೆ ಅಳೆದಾಗ 50 ಹರ್ಟ್ಸ್‌ನಲ್ಲಿ, ಅಂದರೆ ಅಗಲದ ಮೊದಲ ಮೋಡ್‌ನಲ್ಲಿ, ಎಡ ಸ್ಪೀಕರ್‌ಗೆ 6 ಡೆಸಿಬಲ್‌ನ ಉಬ್ಬು ಕಂಡಿತು. ಎರಡೂ ಸ್ಪೀಕರ್‌ಗಳಿಗೆ ಒಂದೇ ಸಂಕೇತ ಕೊಟ್ಟು ಒಟ್ಟಿಗೆ ಅಳೆದಾಗ ಆ ಉಬ್ಬು ಇರಲೇ ಇಲ್ಲ. ಅಗಲದ ಮೊದಲ ಮೋಡ್‌ನಲ್ಲಿ ಕೋಣೆಯ ಎಡ ಅರ್ಧ ಮತ್ತು ಬಲ ಅರ್ಧ ಒಂದಕ್ಕೊಂದು ವಿರುದ್ಧ ಹಂತದಲ್ಲಿರುತ್ತವೆ. ನಡುಗೆರೆಯಿಂದ ಸಮದೂರದಲ್ಲಿರುವ ಎರಡು ಸ್ಪೀಕರ್‌ಗಳು ಒಂದೇ ಬೇಸ್ ನುಡಿಸಿದರೆ ಅವು ಈ ಮೋಡನ್ನು ಎರಡು ಕಡೆಯಿಂದ ಸಮವಾಗಿ ತಳ್ಳಿ ಏಳದಂತೆ ಮಾಡುತ್ತವೆ. ಧ್ವನಿಮುದ್ರಣಗಳಲ್ಲಿ ಆಳದ ಬೇಸ್ ಬಹುಪಾಲು ಎರಡೂ ಚಾನೆಲ್‌ಗಳಲ್ಲಿ ಒಂದೇ ಆಗಿರುವುದರಿಂದ ಈ ಉಪಕಾರ ಬಹುಪಾಲು ಸಮಯ ಸಿಗುತ್ತದೆ. ಎಡಕ್ಕೆ ಮಾತ್ರ 50 ಹರ್ಟ್ಸ್‌ನಲ್ಲಿ ಕಡಿತ ಇಟ್ಟಿದ್ದರೆ ಎರಡು ತಳ್ಳುಗಳ ಸಮತೋಲ ಮುರಿದು, ಇಲ್ಲದಿದ್ದ ಅನುನಾದವನ್ನು ನಾವೇ ಎಬ್ಬಿಸಿದಂತಾಗುತ್ತಿತ್ತು. ಆದ್ದರಿಂದ 100 ಹರ್ಟ್ಸ್‌ಗಿಂತ ಕೆಳಗಿನ ಫಿಲ್ಟರ್‌ಗಳೆಲ್ಲ ಎರಡೂ ಚಾನೆಲ್‌ಗಳಿಗೆ ಒಂದೇ ಇರಬೇಕೆಂದು ತೀರ್ಮಾನಿಸಿದೆವು. ಸ್ವಯಂಚಾಲಿತವಾಗಿ ಕೋಣೆ ತಿದ್ದುವ ಸಲಕರಣೆಗಳು ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಸಮಗೊಳಿಸುವಾಗ ಇದನ್ನು ಗಮನಿಸುತ್ತವೆಯೇ ಎಂಬುದನ್ನು ಅವುಗಳ ಫಲಿತಾಂಶ ಅಳೆದೇ ತಿಳಿಯಬೇಕು.

ಕೇಳಿದ ಮೇಲೆ

ಇಷ್ಟೆಲ್ಲ ಆದ ಮೇಲೆ ಅವರ ಮೊದಲ ಪ್ರತಿಕ್ರಿಯೆ ಬೇಸ್ ಹೋಗಿಬಿಟ್ಟಿದೆ ಎಂಬುದಾಗಿತ್ತು. ನಿರೀಕ್ಷಿಸಿದ್ದೇ. ವರ್ಷಗಟ್ಟಲೆ ಕೋಣೆಯ ಗುಂಗನ್ನೇ ಬೇಸ್ ಎಂದು ಕೇಳಿದ ಕಿವಿಗೆ, ಅದು ಹೋದಾಗ ಏನೋ ಖಾಲಿಯಾದಂತೆ ಅನ್ನಿಸುತ್ತದೆ. ಮಂದ್ರದ ಆವರ್ತನಗಳಲ್ಲಿ ಕಿವಿಗೆ ಒಂದೇ ಸಮ ಜೋರಾಗಿ ಕೇಳುವ ಮಟ್ಟಗಳನ್ನು ಜೋಡಿಸುವ ಸಮಗಟ್ಟಿತನದ ರೇಖೆಗಳು ಒತ್ತೊತ್ತಾಗಿರುವುದರಿಂದ ಕೆಲವೇ ಡೆಸಿಬಲ್‌ಗಳ ಇಳಿಕೆಯೂ ದೊಡ್ಡ ಇಳಿಕೆಯಾಗಿ ಕೇಳುತ್ತದೆ ಎಂಬುದೂ ಇದಕ್ಕೆ ಸೇರಿಕೊಂಡಿತ್ತು. ಎರಡು ವಾರ ಏನನ್ನೂ ಮುಟ್ಟದೆ ಕೇಳಿ ಎಂದು ಕೇಳಿಕೊಂಡೆ. ಎರಡು ವಾರದ ಕೊನೆಯಲ್ಲಿ ಅವರು ಹೇಳಿದ್ದು ಬೇರೆಯದು: ಬೇಸ್ ಗಿಟಾರ್ ಯಾವ ಸ್ವರಗಳನ್ನು ನುಡಿಸುತ್ತಿದೆ ಎಂದು ಮೊದಲ ಬಾರಿಗೆ ತಿಳಿಯುತ್ತಿದೆ, ಡ್ರಮ್ಮಿನ ಪೆಟ್ಟೂ ತಂತಿಯ ಮೀಟೂ ಬೇರೆ ಬೇರೆಯಾಗಿ ಕೇಳುತ್ತಿವೆ, ಆದರೂ ಒಟ್ಟಾರೆ ಒಂದಿಷ್ಟು ತೂಕ ಬೇಕೆನ್ನಿಸುತ್ತದೆ.

ಆ ಬೇಡಿಕೆ ನ್ಯಾಯವಾದದ್ದು. ಕೋಣೆಯಲ್ಲಿ ಅಳೆದ ಮಟ್ಟ ಮೇಲಿನ ಆವರ್ತನಗಳಿಂದ ಕೆಳಗಿನವಕ್ಕೆ ನಿಧಾನವಾಗಿ ಏರುತ್ತ ಬರುವುದನ್ನೇ ಹೆಚ್ಚಿನವರು ಇಷ್ಟಪಡುತ್ತಾರೆ, ಸಪಾಟು ರೇಖೆ ಬಡವಾಗಿ ಕೇಳುತ್ತದೆ. ಹಾಗಾಗಿ 100 ಹರ್ಟ್ಸ್‌ಗಿಂತ ಕೆಳಗೆ 3 ಡೆಸಿಬಲ್ ಎತ್ತರಿಸುವ ಒಂದು ಶೆಲ್ಫ್ ಫಿಲ್ಟರ್ ಸೇರಿಸಿ, ಡಿಜಿಟಲ್ ಸಂಕೇತ ಮಿತಿ ಮೀರಿ ಕತ್ತರಿಸದಂತೆ ಒಟ್ಟು ಮಟ್ಟವನ್ನು 3 ಡೆಸಿಬಲ್ ಇಳಿಸಿದೆ. ಅನುನಾದವನ್ನು ಮೊದಲು ಅಡಗಿಸಿ ಆಮೇಲೆ ಬೇಸನ್ನು ಎತ್ತಿದ್ದರಿಂದ ಎಲ್ಲ ಮಂದ್ರ ಸ್ವರಗಳೂ ಸಮನಾಗಿ ಎದ್ದವು. ಅವರು ಆರಂಭದಲ್ಲಿ ತಿರುಗಿಸಿದ್ದ ಆ ಬೇಸ್ ಗುಂಡಿ ಮಾಡಬೇಕಾಗಿದ್ದ ಕೆಲಸವೂ ಇದೇ, ಹೊತ್ತು ಮಾತ್ರ ಅದಾಗಿರಲಿಲ್ಲ.

ಅಂತಿಮವಾಗಿ ಪ್ರೊಸೆಸರ್‌ನಲ್ಲಿ ಉಳಿದದ್ದು ಮೂರೇ ಫಿಲ್ಟರ್‌ಗಳು: 41.3ರಲ್ಲಿ ಒಂದು, 64ರಲ್ಲಿ ಒಂದು, ಮತ್ತು ಶೆಲ್ಫ್. ಸಲಕರಣೆಯಲ್ಲಿ ಇನ್ನೂ ಏಳು ಖಾಲಿ ಜಾಗಗಳಿದ್ದವು.

ಮೂರು ತಿಂಗಳ ಮೇಲೆ ಗುಂಗು ಮರಳಿ ಬಂದಿದೆ ಎಂದು ಅವರು ತಿಳಿಸಿದರು. ಈ ಬಾರಿ ಗುಮ್ಮೆನ್ನುತ್ತಿದ್ದದ್ದು ದಪ್ಪ ತಂತಿಯ ಮೂಲಸ್ವರವಲ್ಲ, ಅದರ ಮೇಲಿನ ಆಕ್ಟೇವ್. ಹವೆ ಬಿಸಿಯಾಗಿ 41.3 ಸರಿದಿರಬಹುದೆಂದು ಮೊದಲು ಊಹಿಸಿದ್ದೆ, ಆದರೆ ಅಳೆದಾಗ ಅದು 41.6ರಲ್ಲಿದ್ದು ಫಿಲ್ಟರ್‌ನ ಹಿಡಿತದೊಳಗೇ ಇತ್ತು. 82 ಹರ್ಟ್ಸ್‌ನಲ್ಲಿ ಮಾತ್ರ 5 ಡೆಸಿಬಲ್‌ನಷ್ಟು ಉಬ್ಬು ಎದ್ದಿತ್ತು, 95ರ ತಗ್ಗು 120ರ ಆಸುಪಾಸಿಗೆ ಹೋಗಿತ್ತು. ತಗ್ಗು ಅಲ್ಲಿಗೆ ಹೋಗಬೇಕಾದರೆ ಕಿವಿ ಹಿಂಗೋಡೆಯಿಂದ 0.7 ಮೀಟರಿನಲ್ಲಿರಬೇಕು. ಟೇಪ್ ಹಿಡಿದು ನೋಡಿದರೆ ಹಾಗೆಯೇ ಇತ್ತು. ಕೋಣೆ ಗುಡಿಸುವಾಗಲೆಲ್ಲ ಸೋಫಾ ಇಷ್ಟಿಷ್ಟೇ ಹಿಂದಕ್ಕೆ ಸರಿದು 20 ಸೆಂಟಿಮೀಟರ್ ಹೋಗಿತ್ತು. ಪ್ರೊಸೆಸರನ್ನು ಮುಟ್ಟಲಿಲ್ಲ. ಸೋಫಾವನ್ನು ಮೊದಲಿನ ಜಾಗಕ್ಕೆ ಎಳೆದು, ಅದರ ಮುಂಗಾಲುಗಳ ಪಕ್ಕ ನೆಲಕ್ಕೆ ಎರಡು ಬಣ್ಣದ ಟೇಪಿನ ತುಂಡುಗಳನ್ನು ಅಂಟಿಸಿ ಬಂದೆ.